ಹದಿನಾರಾದ ಮೇಲೆ ಹತ್ತೊಂಬತ್ತು

ಮಟ್ಟಸಪ್ಪನ ನಿಜವಾದ ಹೆಸರು ಅವನ ಕರೆಂಟ್ ಬಿಲ್ಲಿನ ಮೇಲಿತ್ತು. ಕರೆಂಟಿನವರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ ಅವನು ಬಾಯಿ ತೆಗೆದರೆ "ಎಲ್ಲಾ ಮಟ್ಟಸವಾಗಿರ್ಬೇಕು" ಎನ್ನುತ್ತಿದ್ದುದರಿಂದ ಕಟ್ಟಡದ ಇಪ್ಪತ್ನಾಲ್ಕು ಮನೆಯವರೂ ಸೇರಿ ಆ ಹೆಸರನ್ನು ದಯಪಾಲಿಸಿದ್ದರು.

ಅವನ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೊಂದು ಪುಟ್ಟ ರಸಮಟ್ಟ ಸದಾ ಇರುತ್ತಿತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಅದನ್ನು ಗೋಡೆಯ ಚಿತ್ರದ ನೆತ್ತಿಯ ಮೇಲಿಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಚಿತ್ರವನ್ನು ಅತ್ತಿತ್ತ ಸರಿಸುತ್ತಿದ್ದ. ಮನೆಯವರು ಬೇಡವೆಂದರೆ ಬಿಡುವ ಜಾಯಮಾನ ಅವನದಲ್ಲ. ಹಾಗೆ ಬಿಡದೆ, ಪಕ್ಕದ ಹದಿನೆಂಟನೇ ಮನೆಯ ಮುದುಕರ ಗೋಡೆಯಲ್ಲಿ ಮೊಳೆ ಬದಲಿಸಲು ಹೋಗಿ, ಅವರ ತೀರಿಹೋದ ಹೆಂಡತಿಯ ಫೋಟೋವನ್ನು ನೆಲಕ್ಕೆ ಕೆಡವಿದ್ದ. ಹೊಸ ಗಾಜು ಹಾಕಿಕೊಟ್ಟರೂ ಮುದುಕರು ಅಂದಿನಿಂದ ಅವನ ಜತೆ ಮಾತು ಬಿಟ್ಟರು. ಟೆಲಿಫೋನ್ ಆಪರೇಟರಾಗಿ ಜೀವಮಾನವೆಲ್ಲ ಊರವರ ಮಾತಿಗೆ ಮಾತು ಜೋಡಿಸಿದ ಮನುಷ್ಯ ಪಕ್ಕದ ಮನೆಯೊಂದಿಗಿನ ಲೈನನ್ನು ಮೂರು ವರ್ಷದಿಂದ ಕತ್ತರಿಸಿಟ್ಟಿದ್ದರು.

ಈಚೆಗೆ ಮಟ್ಟಸಪ್ಪನ ಮರ್ಯಾದೆಗೇ ಕುತ್ತು ಬಂದಿತ್ತು. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುವೆ ನಿಂತಿರುತ್ತಿತ್ತು. ಬರಿಗಣ್ಣಿಗೆ ಮಾತ್ರ ಪ್ರತಿ ಮನೆಯ ಚಿತ್ರವೂ ಓರೆಯಾಗಿ ಕಾಣುತ್ತಿತ್ತು. "ನಿಮ್ಮ ಗುಳ್ಳೆಗೆ ವಯಸ್ಸಾಯ್ತು" ಎಂದು ಜನ ಆಡಿಕೊಂಡರು. ಅವನೂ ಎರಡು ಹೊಸ ರಸಮಟ್ಟ ಕೊಂಡ. ಕೊನೆಗೊಂದು ದಿನ ನಗರದ ಕಚೇರಿಯಿಂದ ಇಂಜಿನಿಯರು ಬಂದು, ನೆಲಮಾಳಿಗೆಗೆ ಇಳಿದು, ಬಿಳುಚಿಕೊಂಡು ಮೇಲೆ ಬಂದರು. ಓರೆಯಾಗಿದ್ದದ್ದು ಚಿತ್ರಗಳಲ್ಲ, ಕಟ್ಟಡ.

"ನಾನು ಹೇಳಿರ್ಲಿಲ್ವಾ!" ಎಂದು ಮಟ್ಟಸಪ್ಪ ಮೆಟ್ಟಿಲ ಮೇಲೆ ನಿಂತು ಕೂಗಿದ. ಇಡೀ ಕಟ್ಟಡ ಕಣ್ಣೀರಿಡುತ್ತಿದ್ದ ಹೊತ್ತಿನಲ್ಲಿ ಒಬ್ಬ ಮನುಷ್ಯ ಅಷ್ಟು ಖುಷಿಯಾಗಿದ್ದುದನ್ನು ಕಂಡು ಕೆಲವರು ಅವನನ್ನು ಬಹಳ ದಿನ ಕ್ಷಮಿಸಲಿಲ್ಲ.

ಹದಿನೈದು ದಿನದಲ್ಲಿ ಖಾಲಿ ಮಾಡಬೇಕು, ಆಮೇಲೆ ಕೆಡವುತ್ತೇವೆ, ಊರಾಚೆಯ ಹೊಸ ಬಡಾವಣೆಯಲ್ಲಿ ಬದಲಿ ಮನೆ ಕೊಡುತ್ತೇವೆ ಎಂದು ಆದೇಶವಾಯಿತು. ಹೋಗುವ ಮುನ್ನ ಇಂಜಿನಿಯರು ಇನ್ನೊಂದು ಮಾತು ಹೇಳಿದರು: "ಗೋಡೆಯೊಳಗಿಂದ ಟಕ್ ಟಕ್ ಅಂತ ಶಬ್ದ ಕೇಳಿದ್ರೆ ಚಪ್ಪಲಿ ಕೂಡ ಹುಡುಕ್ಬೇಡಿ, ಓಡಿ."

ನಿವಾಸಿಗಳ ಸಂಘದ ಕಾರ್ಯದರ್ಶಿ ನಿವೃತ್ತ ಬಸ್ ಕಂಡಕ್ಟರು. ಅವರು ಆನ್‌ಲೈನಿನಲ್ಲಿ ಒಂದು ಶೀಟು ತೆರೆದು, ಮನೆಗೊಂದು ಸಾಲು ಹಾಕಿ, ಅದರ ಕೊಂಡಿಯನ್ನು ಎಲ್ಲರ ಫೋನಿಗೂ ಕಳಿಸಿದರು. ಮನೆ ನಂಬರು, ಜನ ಎಷ್ಟು, ಸಾಮಾನು ಎಷ್ಟು, ಕೊನೆಗೆ 'ವಿಶೇಷ ಸೂಚನೆ' ಎಂಬ ಕಾಲಂ. ಆ ಕಾಲಂ ಇಟ್ಟದ್ದೇ ತಪ್ಪಾಯಿತು. ಒಂಬತ್ತನೇ ಮನೆಯವರು ತಮ್ಮ ಬೆಕ್ಕಿನ ಸ್ವಭಾವವನ್ನು ಬರೆದರು. ಆರನೇ ಮನೆಯ ಟೈಲರಮ್ಮ ತನ್ನ ಮೂರು ಹೊಲಿಗೆ ಯಂತ್ರಗಳ ಬಗ್ಗೆ ಬರೆದದ್ದು ಎಷ್ಟೆಂದರೆ, ಅವಳ ಸಾಲೊಂದೇ ಪರದೆಯ ಮೇಲೆ ಬೀರುವಿನಷ್ಟು ಎತ್ತರವಾಗಿ ನಿಂತಿತು.

ಮಟ್ಟಸಪ್ಪ ಅದನ್ನು ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದ. ಒಂದು ಸಾಲು ಗಿಡ್ಡ, ಒಂದು ಉದ್ದ, ಒಂದು ಡೊಳ್ಳು. ತಕ್ಷಣ ಕಂಡಕ್ಟರಿಗೆ ಫೋನು ಹಚ್ಚಿದ.

"ಸಾರ್, ಇದನ್ನ ಆಫೀಸಿಗೆ ಹೀಗೇ ಕೊಟ್ರೆ ನಮ್ಮನ್ನ ಮನುಷ್ಯರು ಅಂದ್ಕೋತಾರಾ? ನಾನು ಸರಿ ಮಾಡ್ತೀನಿ."

"ಮಾಡ್ರೀ. ಆದ್ರೆ ಅಕ್ಷರ ಮುಟ್ಬೇಡಿ."

"ಅಕ್ಷರ ಯಾಕ್ ಮುಟ್ಲಿ ಸಾರ್? ನಂದೇನಿದ್ರೂ ಚೌಕಟ್ಟು."

ಇನ್ನೊಬ್ಬರ ಸಾಲಿನ ಮೇಲೆ ಪ್ರಯೋಗ ಮಾಡುವುದು ಸಜ್ಜನರ ಲಕ್ಷಣವಲ್ಲವೆಂದು ಅವನು ಮೊದಲು ತನ್ನ ಹದಿನೇಳನೇ ಸಾಲನ್ನು ಹಿಡಿದ. ಹಿಡಿಯುವಾಗ ಮೌಸು ಕೊಂಚ ಕೆಳಕ್ಕೆ ಜಾರಿತು. ಜಾರಿದ್ದನ್ನು ಅವನು ಗಮನಿಸಲಿಲ್ಲ. ಸಾಲಿನ ಎತ್ತರ ಎಷ್ಟಿರಬೇಕೆಂದು ಕಂಪ್ಯೂಟರು ಕೇಳಿತು. ಕಟ್ಟು ಹಾಕುವವನ ಲೆಕ್ಕ ಇಂಚಿನಲ್ಲಿ. ಎರಡಿಂಚು ಧಾರಾಳವಾಯಿತೆಂದುಕೊಂಡು 'ಎರಡು' ಎಂದು ಒತ್ತಿದ. ಪರದೆ ಒಮ್ಮೆ ಮಿಸುಕಿತು. ಏನಾಯಿತೆಂದು ನೋಡುವಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಸತ್ತ ಅಣ್ಣನ ಫೋಟೋಗೆ ಅರ್ಧ ಗಂಟೆಯಲ್ಲಿ ಕಟ್ಟು ಬೇಕು, ಜನ ಕಾಯ್ತಿದ್ದಾರೆ ಎಂದು ಅಂಗಲಾಚಿದ. ಮಟ್ಟಸಪ್ಪ ಎದ್ದು ಹೋಗಿ ಗಾಜು ಕೊಯ್ದ.

ಮರಳಿ ಬಂದು ಕೂತಾಗ, ಮಾಮೂಲಿ ಎತ್ತರ ಇಪ್ಪತ್ತೊಂದು ಎಂದು ಎತ್ತರ ಕೇಳುವ ಪೆಟ್ಟಿಗೆಯಲ್ಲೇ ಬರೆದಿರುವುದು ಕಣ್ಣಿಗೆ ಬಿತ್ತು. ಒಂದರಿಂದ ಹದಿನಾರರವರೆಗೆ ಇಪ್ಪತ್ತೊಂದು. ಕೆಳಗೆ ಕಣ್ಣಿಗೆ ಕಂಡ ಮಿಕ್ಕವಕ್ಕೂ ಇಪ್ಪತ್ತೊಂದು. ತನ್ನದು ಹೇಗೂ ಮೊದಲೇ ಮಾಡಿ ಮುಗಿಸಿದ್ದನಲ್ಲ! ಟೈಲರಮ್ಮನ ಬೀರು ಒಂದೇ ಏಟಿಗೆ ಕುಸಿದು ಮಿಕ್ಕವರ ಸಮಕ್ಕೆ ಬಂತು. ಪಟ್ಟಿಯೆಲ್ಲ ಒಂದೇ ಪುಟದಲ್ಲಿ ಕೂತಿತು. ಅವನು ಅದನ್ನು ಐದು ನಿಮಿಷ ಸುಮ್ಮನೆ ನೋಡಿದ.

ಸೋಮವಾರ ಬೆಳಿಗ್ಗೆ ಮೂರು ಲಾರಿ ಬಂದವು. ಜತೆಗೆ ಕಚೇರಿಯ ಅಧಿಕಾರಿ ಮೇಡಂ ಬಂದರು. ಅವರ ಕೈಯಲ್ಲಿ ಆ ಪಟ್ಟಿಯ ಒಂದೇ ಒಂದು ಹಾಳೆ.

"ಇಷ್ಟು ಅಚ್ಚುಕಟ್ಟಾದ ಲಿಸ್ಟ್ ನನ್ನ ಸರ್ವೀಸಲ್ಲೇ ನೋಡಿಲ್ಲ. ಯಾರು ಮಾಡಿದ್ದು?"

"ಏನೋ ಅಲ್ಪಸ್ವಲ್ಪ ನಾನೇ, ಮೇಡಂ" ಎಂದ ಮಟ್ಟಸಪ್ಪ, ನೆಲ ನೋಡುತ್ತ.

ಮನೆ ನಂಬರು ಕೂಗಿದಂತೆ ಜನ ಲಾರಿ ಹತ್ತಿದರು. ಟೈಲರಮ್ಮನ ಸರದಿ ಬಂದಾಗ ಹಾಳೆಯಲ್ಲಿ 'ಹೊಲಿಗೆ ಯಂತ್ರ' ಎಂಬಷ್ಟೇ ಇತ್ತು. ಮಿಕ್ಕದ್ದೆಲ್ಲ ಸಾಲಿನ ಕೆಳಗೆ ಅಡಗಿಹೋಗಿತ್ತು. ಲಾರಿಯವನು ಒಂದು ಯಂತ್ರ ಎತ್ತಿ, ಎರಡನ್ನು ಫುಟ್‌ಪಾತಿನ ಮೇಲೆ ಬಿಟ್ಟ. ಅವಳ ಕೂಗಾಟದ ನಡುವೆಯೇ ಮೇಡಂ ಮುಂದುವರಿಸಿದರು.

"ಹದಿನಾರು! ಹತ್ತಿ. ಹತ್ತೊಂಬತ್ತು!"

ಹೆಂಡತಿ, ಅತ್ತೆ, ಹನ್ನೊಂದು ಗಂಟುಗಳ ಸಮೇತ ನಿಂತಿದ್ದ ಮಟ್ಟಸಪ್ಪ ಕೈ ಎತ್ತಿದ. "ಮೇಡಂ, ಹದಿನೇಳು ಬಿಟ್ಟುಹೋಯ್ತು."

"ಹದಿನೇಳು ಇಲ್ಲ."

"ಇಲ್ಲ ಅಂದ್ರೆ? ನಾನೇ ಹದಿನೇಳು!"

"ಹದಿನಾರಾದ ಮೇಲೆ ಹತ್ತೊಂಬತ್ತು ಇದೆ ನೋಡಿ. ಕೆಳಗೆ ಟೋಟಲ್ ಇದೆ: ಮನೆ ಇಪ್ಪತ್ನಾಲ್ಕು, ಜನ ಎಪ್ಪತ್ತೊಂಬತ್ತು. ನಮ್ಮ ಆಫೀಸಿನ ಲೆಕ್ಕವೂ ಅಷ್ಟೇ. ಟೋಟಲ್ ಸರಿ ಇದೆ ಅಂದ್ಮೇಲೆ ಯಾರೂ ಬಿಟ್ಟುಹೋಗಿಲ್ಲ ಅಂತ ಅರ್ಥ."

ಸಾಲು ಎಷ್ಟೇ ಸಣ್ಣದಾದರೂ ಕಂಪ್ಯೂಟರು ಅದನ್ನು ಕೂಡಿಕೊಳ್ಳುತ್ತದೆ. ಕಾಣುವುದು ಬಿಡುವುದು ಅದರ ತಲೆನೋವಲ್ಲ. ಆ ಕ್ಷಣಕ್ಕೆ ಇದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹದಿನೇಳು ಎಲ್ಲಿ ಎಂದು ಮಟ್ಟಸಪ್ಪ ಗಂಟಲು ಹರಿಯುವಂತೆ ಕೂಗಿದ. ಹದಿನೆಂಟು ಎಲ್ಲಿ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಲಾರಿಗಳು ಹೊರಟುಹೋದವು. ಕಟ್ಟಡ ಖಾಲಿಯಾಗಿದೆಯೆಂದು ಮೇಡಂ ಸಹಿ ಹಾಕಿದರು. ಮಧ್ಯಾಹ್ನಕ್ಕೆ ಕರೆಂಟ್ ತೆಗೆದರು, ನೀರು ನಿಲ್ಲಿಸಿದರು. ಗುರುವಾರ ಕೆಡವಲಾಗುವುದೆಂದು ಬಾಗಿಲಿಗೆ ಚೀಟಿ ಅಂಟಿತು. ಬದಲಿ ಮನೆಯ ಕಾಗದವಿಲ್ಲದೆ ಎಲ್ಲಿಗೆ ಹೋಗುವುದು? ಮಟ್ಟಸಪ್ಪ ಹನ್ನೊಂದು ಗಂಟುಗಳನ್ನೂ ಅತ್ತೆಯನ್ನೂ ಮತ್ತೆ ಮೂರನೇ ಮಹಡಿಗೆ ಹತ್ತಿಸಿದ.

ಪಕ್ಕದ ಬಾಗಿಲು ಮುಚ್ಚಿತ್ತು. "ಮುದುಕ ಯಾವಾಗ್ಲೋ ಹೋಗಿದಾನೆ" ಎಂದರು ಅತ್ತೆ. "ಹೋಗೋವಾಗ್ಲಾದ್ರೂ ಒಂದು ಮಾತು ಹೇಳ್ಬಾರ್ದಾ? ಕಲ್ಲು ಮನಸ್ಸು."

ಸಂಜೆ ಬ್ರೆಡ್ಡು ತಿನ್ನುತ್ತಿರುವಾಗ ಗೋಡೆಯಿಂದ ಶಬ್ದ ಬಂತು. ಟಕ್. ಟಕ್ ಟಕ್.

ಮೂವರ ಬಾಯಲ್ಲೂ ಬ್ರೆಡ್ಡು ಹಾಗೇ ನಿಂತಿತು. ಮಟ್ಟಸಪ್ಪ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿದು ರಸ್ತೆಗೆ ಬಿದ್ದ. ಅರ್ಧ ಗಂಟೆ ಕಾದರು. ಕಟ್ಟಡ ಬೀಳಲಿಲ್ಲ. ಮತ್ತೆ ಹತ್ತಿದರು. ಮಂಗಳವಾರ ಬೆಳಿಗ್ಗೆ ಪುನಃ ಟಕ್ ಟಕ್. ಈ ಸಲ ಎರಡನೇ ಮಹಡಿಯವರೆಗೆ ಓಡಿ, ಅತ್ತೆ ಭಾರವೆನಿಸಿ ನಿಂತರು. ಮೂರನೇ ಸಲ ಯಾರೂ ಏಳಲಿಲ್ಲ. ಅತ್ತೆ ಮಾತ್ರ ತಮ್ಮ ಊರುಗೋಲು ತೆಗೆದು ಗೋಡೆಗೆ ನಾಲ್ಕು ಬಡಿದರು.

"ಬೀಳೋದಾದ್ರೆ ಒಂದೇ ಸಲ ಬಿದ್ದು ಸಾಯಿ! ಹೀಗೆ ಟಕ್ ಟಕ್ ಅಂತ ಜೀವ ತಿನ್ಬೇಡ!"

ಶಬ್ದ ನಿಂತಿತು. "ನೋಡಿದ್ರಾ ಅಳಿಯಂದ್ರೇ, ಗದರಿಸೋರಿದ್ರೆ ಕಟ್ಟಡ ಕೂಡ ಮಾತು ಕೇಳುತ್ತೆ" ಎಂದು ಅತ್ತೆ ಕೋಲನ್ನು ಪಕ್ಕಕ್ಕಿಟ್ಟರು. ಅಲ್ಲಿಂದ ಮುಂದೆ ಗೋಡೆ ಟಕ್ ಎಂದಾಗಲೆಲ್ಲ ಅತ್ತೆ ಬಡಿಯುವುದು, ಬಡಿದಾಗಲೆಲ್ಲ ಗೋಡೆ ಸುಮ್ಮನಾಗುವುದು ನಡೆದೇ ಇತ್ತು.

ಅದೇ ದಿನ ಮಟ್ಟಸಪ್ಪ ಬಸ್ಸು ಹಿಡಿದು ಹೊಸ ಬಡಾವಣೆಗೆ ಹೋದ. ತನ್ನ ಸಾಲನ್ನು ಯಾರೋ ಬೇಕೆಂದೇ ಅಳಿಸಿದ್ದಾರೆ, ಆ ಯಾರೋ ಟೈಲರಮ್ಮನೇ ಎಂದು ದಾರಿಯುದ್ದಕ್ಕೂ ತೀರ್ಮಾನಿಸಿಕೊಂಡಿದ್ದ. ಅವಳು ಹೊಸ ಮನೆಯ ಹೊಸ್ತಿಲಲ್ಲೇ ಸಿಕ್ಕಳು.

"ನಿಮ್ಮ ಸಾಲು ಚಿಕ್ಕದಾಯ್ತು ಅಂತ ನನ್ನ ಸಾಲೇ ತೆಗೆದುಬಿಟ್ರಲ್ಲ, ಮನುಷ್ಯತ್ವ ಬೇಡ್ವಾ?"

"ನನಗೆ ಮನುಷ್ಯತ್ವ ಕಲಿಸ್ತೀರಾ?" ಅವಳು ಕತ್ತರಿ ಹಿಡಿದೇ ಹೊರಗೆ ಬಂದಳು. "ಎರಡು ಯಂತ್ರ ಬೀದೀಲಿ ನಿಂತು, ಬೆಳಗಾಗೋದ್ರೊಳಗೆ ಒಂದನ್ನ ಯಾರೋ ಹೊತ್ಕೊಂಡು ಹೋದ್ರು. ನಿಮ್ಮ ಕಣ್ಣಿಗೆ ಚೆಂದ ಕಾಣ್ಲಿ ಅಂತ ನನ್ನ ಅನ್ನ ಹೋಯ್ತು. ಅಳಿಸೋದು ಹೇಗೆ ಅಂತ ಗೊತ್ತಿದ್ದಿದ್ರೆ ಸಾಲಲ್ಲ, ನಿಮ್ಮನ್ನೇ ಅಳಿಸ್ತಿದ್ದೆ!"

ಮಟ್ಟಸಪ್ಪ ಕಂಡಕ್ಟರ ಮನೆಗೆ ಸರಿದ. ಅವರು ಕನ್ನಡಕ ಏರಿಸಿ ಹಾಳೆ ನೋಡಿದರು.

"ಟೋಟಲ್ ಸರಿಯಾಗಿದೆಯಲ್ರೀ."

"ಸಾರ್, ಹನ್ನೆರಡು ವರ್ಷ ನಿಮ್ಮ ತಲೆ ಮೇಲಿನ ಮಹಡೀಲೇ ಇದ್ದೀನಿ!"

"ಇದ್ರಿ, ಇಲ್ಲ ಅಂತ ಯಾರಂದ್ರು? ಆದ್ರೆ ಬಸ್ಸಲ್ಲೂ ಅಷ್ಟೇ ನೋಡಿ. ಟಿಕೆಟ್ ಲೆಕ್ಕ ಸರಿ ಬಂದ ಮೇಲೂ ಒಬ್ಬ ನಿಂತಿದಾನೆ ಅಂದ್ರೆ ಅವನು ಟಿಕೆಟ್ ಇಲ್ಲದವನು. ನಾನು ನಿಮಗೆ ಪತ್ರ ಕೊಟ್ರೆ ಇಪ್ಪತ್ತೈದಾಗುತ್ತೆ. ಆಗ ಇವರಲ್ಲಿ ಯಾರನ್ನ ಇಳಿಸ್ಲಿ?"

ಸುತ್ತ ನಿಂತಿದ್ದವರೆಲ್ಲ ತಂತಮ್ಮ ಬಾಗಿಲ ಹಿಡಿಕೆ ಹಿಡಿದುಕೊಂಡರು. ಒಂಬತ್ತನೇ ಮನೆಯವರು ಬೆಕ್ಕನ್ನು ಒಳಗೆ ಹಾಕಿದರು.

ಬುಧವಾರ ಬೆಳಿಗ್ಗೆ ಮಟ್ಟಸಪ್ಪ ಅಧಿಕಾರಿ ಮೇಡಂ ಮುಂದೆ ನಿಂತ. ಅವರು ಕೆಟ್ಟವರಲ್ಲ; ಕುರ್ಚಿ ತೋರಿಸಿದರು, ನೀರು ಕೊಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನೋಡಿ, ನೀವು ಒಳಗಿದೀರಿ ಅಂತ ನಾನು ಒಪ್ಕೊಂಡ್ರೆ, ಖಾಲಿ ಇದೆ ಅಂತ ನಾನು ಹಾಕಿದ ಸಹಿ ಸುಳ್ಳಾಗುತ್ತೆ. ದಯವಿಟ್ಟು ನಾಳೆ ಹತ್ತು ಗಂಟೆಯೊಳಗೆ ಎಲ್ಲಾದ್ರೂ ಹೋಗಿಬಿಡಿ. ಎಲ್ಲಿಗೆ ಅಂತ ನನ್ನ ಕೇಳ್ಬೇಡಿ."

ಅಲ್ಲಿಂದ ಅಂಗಡಿಗೆ ಹೋದ. ಮಾಲೀಕನ ಕೈಕಾಲು ಹಿಡಿದು ಲ್ಯಾಪ್‌ಟಾಪು ಇಸಕೊಂಡು, ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು, ಫೋನಿನ ನೆಟ್ಟಿಗೆ ಜೋಡಿಸಿ, ಹೆಂಡತಿಯ ಮುಂದೆ ಆ ಶೀಟನ್ನು ತೆರೆದಿಟ್ಟ. ತನಗೆ ಆಗಿರುವ ಅನ್ಯಾಯವನ್ನು ಅವಳೂ ಕಣ್ಣಾರೆ ನೋಡಲಿ ಎಂಬುದಷ್ಟೇ ಅವನ ಉದ್ದೇಶ.

"ನೋಡು. ಹದಿನಾರು, ಹತ್ತೊಂಬತ್ತು. ಪಾಪಿಗಳು ಬೇರು ಸಮೇತ ಕಿತ್ತಿದಾರೆ."

ಹೆಂಡತಿ ಮುಖವನ್ನು ಪರದೆಯ ಹತ್ತಿರ ತಂದಳು. "ರೀ, ಇಲ್ಲೇನೋ ಕೂದಲು ಅಂಟಿದೆ."

ಹದಿನಾರಕ್ಕೂ ಹತ್ತೊಂಬತ್ತಕ್ಕೂ ನಡುವೆ ಒಂದು ದಪ್ಪ ಗೆರೆಯಿತ್ತು. ಅವಳು ಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ಆಮೇಲೆ ಮೌಸಿನ ಬಾಣವನ್ನು ಗೆರೆಯ ಮೇಲಿಟ್ಟು ಕೆಳಕ್ಕೆ ಎಳೆದಳು. ಗೆರೆ ಅಗಲವಾಯಿತು. ಒಳಗಿಂದ ಹದಿನೇಳನೇ ಮನೆ ಹೊರಬಂತು: ಅವನ ಹೆಸರು, ಜನ ಮೂರು, ಗಂಟು ಹನ್ನೊಂದು.

"ಇದ್ಯಾರ್ರೀ ಎತ್ತರ ಎರಡೇ ಚುಕ್ಕಿ ಅಂತ ಹಾಕಿರೋದು?"

"ಎರಡು... ಇಂಚು" ಎಂದ ಮಟ್ಟಸಪ್ಪ.

ಅವಳು ಅವನನ್ನು ನೋಡಿದ ನೋಟವನ್ನು ಬರೆಯಲು ಹೋಗುವುದಿಲ್ಲ. ಅತ್ತೆ ಮಾತ್ರ, "ಮೂರು ದಿನ ನನ್ನ ಈ ಗೋರಿಯೊಳಗೆ ಕೂರಿಸಿದ್ದು ನೀವೇನಾ?" ಎಂದು ಶುರು ಮಾಡಿದವರು ಮಗಳ ಮುಖ ಕಂಡು ಸುಮ್ಮನಾದರು. ಮಗಳು ಪರದೆಯನ್ನೇ ನೋಡುತ್ತಿದ್ದಳು. ಹದಿನೇಳರ ಕೆಳಗೆ ಇನ್ನೂ ಒಂದು ಗೆರೆಯಿತ್ತು. ಅವಳು ಅದನ್ನೂ ಎಳೆದಳು.

ಹದಿನೆಂಟು. ಜನ ಒಂದು. ಸಾಮಾನು ಒಂದು ಚೀಲ. ವಿಶೇಷ ಸೂಚನೆ: ಮಂಡಿ ನೋವು. ಮೆಟ್ಟಿಲು ಇಳಿಯಲಾಗುವುದಿಲ್ಲ. ಯಾರಾದರೂ ಮೇಲೆ ಬಂದು ಕರೆದುಕೊಂಡು ಹೋಗಬೇಕು.

ಮೂವರೂ ಗೋಡೆಯ ಕಡೆ ತಿರುಗಿದರು. ಗೋಡೆ ಬೆಳಗಿನಿಂದ ಸುಮ್ಮನಿತ್ತು. ಅತ್ತೆಯೇ ಕೋಲು ತೆಗೆದು, ಈ ಸಲ ಮೆಲ್ಲಗೆ ಎರಡು ಸಲ ತಟ್ಟಿದರು. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಒಂದೇ ಒಂದು ಸಲ, ಕೇಳಿಯೂ ಕೇಳಿಸದಷ್ಟು ಸಣ್ಣಗೆ, ಟಕ್ ಎಂದಿತು.

ಮಟ್ಟಸಪ್ಪ ಉಳಿ ಸುತ್ತಿಗೆ ತಂದು ಬಾಗಿಲ ಬೀಗವನ್ನು ಕಿತ್ತ. ಮುದುಕರು ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಬಿದ್ದಿದ್ದರು. ಸೋಮವಾರ ಲಾರಿಯವರು ಬರುತ್ತಾರೆಂದು ಶೂ ಹಾಕಿಕೊಂಡು, ಚೀಲ ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿದ್ದವರು, ದೀಪ ಹತ್ತದಿದ್ದಾಗ ಎದ್ದು ಎಡವಿ ಸೊಂಟ ಮುರಿದುಕೊಂಡಿದ್ದರು. ಫೋನು ಕುರ್ಚಿಯ ಮೇಲೇ ಉಳಿದಿತ್ತು, ಕೂಗಲು ಶಕ್ತಿಯಿರಲಿಲ್ಲ. ಕೈಗೆ ಎಟಕುವಲ್ಲಿ ನೀರಿನ ಕ್ಯಾನು ಇದ್ದದ್ದರಿಂದ ಜೀವ ಉಳಿದಿತ್ತು. ಕೈಯಲ್ಲಿ ಸ್ಟೀಲಿನ ಲೋಟವಿತ್ತು. ಅದರ ಅಂಚು ಗೋಡೆಗೆ ಬಡಿದು ಬಡಿದು ನೆಗ್ಗಿಹೋಗಿತ್ತು.

ಮಟ್ಟಸಪ್ಪನನ್ನು ಕಂಡು ಅವರು ಮೂರು ವರ್ಷದ ಮೇಲೆ ಮೊದಲ ಮಾತಾಡಿದರು. "ತಡ ಆಯ್ತು" ಎಂದರು.

ಆಂಬುಲೆನ್ಸ್ ಬಂತು. ಅದರ ಹಿಂದೆಯೇ ಸುದ್ದಿ ತಿಳಿದ ಅಧಿಕಾರಿ ಮೇಡಂ ಏದುಸಿರು ಬಿಡುತ್ತ ಬಂದರು. ಅವರ ಹಿಂದೆ ಕಂಡಕ್ಟರು, ಟೈಲರಮ್ಮ, ಅರ್ಧ ಬಡಾವಣೆ. ಮೇಡಂ ಕೈಯಲ್ಲಿ ಆ ಹಾಳೆಯಿತ್ತು. ಮಟ್ಟಸಪ್ಪ ಮುಂದೆ ಬಂದು, "ಮೇಡಂ, ತಪ್ಪು ನಂದು. ಆ ಸಾಲು..." ಎನ್ನುವಷ್ಟರಲ್ಲಿ ಸ್ಟ್ರೆಚರಿನ ಮೇಲಿನಿಂದ ಮುದುಕರು ಕೈ ಎತ್ತಿದರು.

"ಇವರಿಗೇನೂ ಅನ್ಬೇಡಿ. ಎಲ್ಲರೂ ನನ್ನ ಬಿಟ್ಟುಹೋದ್ರು, ಇವರೊಬ್ರು ಹೋಗ್ಲಿಲ್ಲ. ಹೆಂಡತಿ, ಅತ್ತೆ ಎಲ್ಲರನ್ನೂ ಇಟ್ಕೊಂಡು, ಬೀಳೋ ಕಟ್ಟಡದಲ್ಲಿ ನನಗೋಸ್ಕರ ಕೂತ್ರು. ಮೂರು ದಿನ ಗೋಡೆ ತಟ್ಟಿ ತಟ್ಟಿ ಧೈರ್ಯ ಹೇಳಿದ್ರು."

ಟೈಲರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಕಂಡಕ್ಟರು ಮಟ್ಟಸಪ್ಪನ ಎರಡೂ ಕೈ ಹಿಡಿದುಕೊಂಡು, "ನಿಮ್ಮನ್ನ ಟಿಕೆಟ್ ಇಲ್ಲದವನು ಅಂದ್ನಲ್ರೀ" ಎಂದರು. ಮೂರು ದಿನ ಸಿಗದಿದ್ದ ಬದಲಿ ಮನೆಯ ಕಾಗದ ನಲವತ್ತು ನಿಮಿಷದಲ್ಲಿ ಬಂತು, ನೆಲ ಅಂತಸ್ತಿನದು. ಮಟ್ಟಸಪ್ಪ ಎರಡು ಸಲ ನಿಜ ಹೇಳಲು ಬಾಯಿ ತೆರೆದ. ಎರಡು ಸಲವೂ ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಅತ್ತೆಯಂತೂ ಹೊಸ ಬಡಾವಣೆಯ ಹೆಂಗಸರಿಗೆ ತಾವು ಗೋಡೆ ತಟ್ಟಿ ಧೈರ್ಯ ತುಂಬಿದ ಕಥೆಯನ್ನು ಎಷ್ಟು ಸಲ ಹೇಳಿದರೆಂದರೆ, ವಾರ ಕಳೆಯುವಷ್ಟರಲ್ಲಿ ಅವರಿಗೇ ಅದು ನಿಜವೆನಿಸಿತು. ಕಟ್ಟಡವನ್ನು ಗುರುವಾರವೇ ಕೆಡವಿದರು. ಅದು ಇಪ್ಪತ್ತು ನಿಮಿಷದ ಕೆಲಸವಾಯಿತು.

ಮಟ್ಟಸಪ್ಪನಿಗೆ ಅನ್ನ ಸೇರಲಿಲ್ಲ. ಹತ್ತನೇ ದಿನ ಆಸ್ಪತ್ರೆಗೆ ಹೋದ. ಮುದುಕರ ಸೊಂಟಕ್ಕೆ ಆಪರೇಷನ್ ಆಗಿತ್ತು. ಇನ್ನು ಎದ್ದು ನಡೆಯುವುದು ಆಗದ ಮಾತೆಂದು ನರ್ಸ್ ಬಾಗಿಲಲ್ಲೇ ಹೇಳಿದಳು. ಅವನು ಸ್ಟೂಲ್ ಎಳೆದುಕೊಂಡು ಕೂತು, ಕೂತ ಉಸಿರಿಗೇ ಶುರು ಮಾಡಿದ.

"ಯಜಮಾನ್ರೇ, ನಾನು ನಿಮಗೋಸ್ಕರ ಉಳಿದಿದ್ದಲ್ಲ. ನೀವು ಒಳಗಿದೀರಿ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಗೋಡೆ ತಟ್ಟಿದ್ದು ಬೈಯೋದಕ್ಕೆ. ಪಟ್ಟೀಲಿ ನಿಮ್ಮ ಸಾಲು ಕಾಣದ ಹಾಗೆ ಮಾಡಿದ್ದೂ..."

"ನೀವೇ. ಗೊತ್ತು."

"ಗೊತ್ತಾ?"

"ನನಗೆ ಇನ್ನೇನು ಕೆಲಸ? ಇಡೀ ದಿನ ಆ ಶೀಟನ್ನೇ ಫೋನಲ್ಲಿ ತೆರೆದಿಟ್ಕೊಂಡು ನೋಡ್ತಿದ್ದೆ, ಯಾರ್ಯಾರು ಏನೇನು ಬರೀತಾರೆ ಅಂತ. ಯಾರು ಶೀಟು ಮುಟ್ಟಿದ್ರೂ ಅವರ ಹೆಸರಿನ ಬಾಣ ಕಾಣುತ್ತೆ. ನಿಮ್ಮದು ಬಂತು, ನನ್ನ ಸಾಲಿನ ಮೇಲೆ ನಿಂತ್ಕೊಂತು, ಸಾಲು ಮಾಯ ಆಯ್ತು. ಹೊರಗೆ ಬಂದು ನಿಮ್ಮ ಬಾಗಿಲು ತಟ್ಟಿದ್ರೆ ಮುಗೀತಿತ್ತು." ಮುದುಕರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಮಾತು ಬಿಟ್ಟವನು ನಾನು, ನಾನೇ ಹೇಗೆ ಮೊದಲು ಮಾತಾಡ್ಲಿ ಅಂತ ಕೂತೆ. ಬಾಗಿಲಾದ್ರೆ ಹತ್ತು ಹೆಜ್ಜೆ ದೂರ ಇತ್ತು. ಆಮೇಲೆ ಗೋಡೇನೇ ತಟ್ಬೇಕಾಯ್ತು."

ಮಟ್ಟಸಪ್ಪ ಕಣ್ಣೊರೆಸಿಕೊಂಡ. "ಮತ್ತೆ ಅಷ್ಟು ಜನರ ಮುಂದೆ ಯಾಕೆ ಹಾಗೆ ಹೇಳಿದ್ರಿ?"

"ನಿಜ ಹೇಳಿದ್ರೆ ಏನಾಗ್ತಿತ್ತು? ನಿಮಗೆ ನಾಲ್ಕು ಬೈದು ಎಲ್ಲರೂ ಅವರವರ ಮನೆಗೆ ಹೋಗ್ತಿದ್ರು. ನೀವೂ ನಾಚಿಕೊಂಡು ಈ ಕಡೆ ತಲೆ ಹಾಕ್ತಿರ್ಲಿಲ್ಲ. ನನಗೆ ಯಾರಿದಾರೆ ಹೇಳಿ." ಅವರು ತಲೆದಿಂಬಿನ ಮೇಲೆ ತಲೆ ಹೊರಳಿಸಿ ಅವನನ್ನು ನೇರವಾಗಿ ನೋಡಿದರು. "ಈಗ ಊರಿಗೆಲ್ಲ ಗೊತ್ತು, ನೀವು ನನ್ನ ಬಿಟ್ಟುಹೋಗೋರಲ್ಲ ಅಂತ. ಇನ್ನು ಹೇಗೆ ಬಿಟ್ಟುಹೋಗ್ತೀರೋ ನಾನೂ ನೋಡ್ತೀನಿ."

ಮಟ್ಟಸಪ್ಪ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಡಾಕ್ಟ್ರು ಬಂದಿದ್ರು" ಎಂದರು ಮುದುಕರು. "ಸೊಂಟ ಹೋಯ್ತು, ಹೃದಯ ಮಾತ್ರ ಕಲ್ಲಿನ ಹಾಗಿದೆ ಅಂದ್ರು. ಇನ್ನು ಹತ್ತು ವರ್ಷಕ್ಕೆ ಮೋಸ ಇಲ್ವಂತೆ."

ನರ್ಸ್ ಬಂದು ಹೊತ್ತಾಯಿತೆಂದಳು. ಅವನು ಎದ್ದು ಸ್ಟೂಲನ್ನು ಮಂಚದ ಕೆಳಗೆ ತಳ್ಳಿದ.

"ನಾಳೆ ಬರೋವಾಗ ಉಗುರು ತೆಗೆಯೋದು ತನ್ನಿ" ಎಂದರು ಮುದುಕರು. "ಕಾಲಿನ ಉಗುರು ನನಗಿನ್ನು ಎಟಕೋದಿಲ್ಲ."

"ಎಷ್ಟು ಹೊತ್ತಿಗೆ ಬರ್ಲಿ?" ಎಂದ ಮಟ್ಟಸಪ್ಪ.